ಎಮೆಟ್ ಟಿಲ್ ಕೇಸು ಯಾರ ಬಾಯಲ್ಲಿ?

ಗುಂಪು: ಅಜ್ಜನ ಮನೆ ಬಳಗ

ಶ್ರೀಧರ ಮಾವ: (ಫಾರ್ವರ್ಡ್) 1955. ಅಮೆರಿಕದ ಮಿಸಿಸಿಪಿ. ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್, ಅಂಗಡಿಯಲ್ಲಿದ್ದ ಬಿಳಿ ಹೆಂಗಸಿನ ಜೊತೆ ಅಸಭ್ಯವಾಗಿ ನಡೆದುಕೊಂಡ. ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಅವನ ಮಲಅಣ್ಣ ಮೈಲಮ್ ಹೆದರಿಸಲೆಂದು ಎತ್ತಿಕೊಂಡು ಹೋದರು. ಹುಡುಗ ಹೆದರುವ ಬದಲು ಬಿಳಿ ಹುಡುಗಿಯರ ಸಹವಾಸದ ಬಗ್ಗೆ ಕೊಚ್ಚಿಕೊಂಡ. ಸಿಟ್ಟು ತಡೆಯದೆ ಕೊಂದರು. ಕೋರ್ಟು ಬಿಟ್ಟ ಮೇಲೆ ತಾವೇ ಒಪ್ಪಿಕೊಂಡರು. ಎಂಥಾ ಅನ್ಯಾಯ!

ವೀಣಾ: ಮಾವ, ಅನ್ಯಾಯ ಅನ್ನೋದು ಸರಿ. ಆದ್ರೆ ಅದರ ಹಿಂದಿನ ಕತೆಯೆಲ್ಲ ಕೊಂದವರು ಹೇಳಿದ್ದು.

ಶ್ರೀಧರ ಮಾವ: ಕೊಂದವರೇ ಒಪ್ಪಿಕೊಂಡಿದ್ದಾರೆ, ಇನ್ನೇನು ಸಾಕ್ಷಿ ಬೇಕು?

ವೀಣಾ: ನೀವು ವಕೀಲರು, ನಿಮಗೇ ಕೇಳ್ತೀನಿ. ಪ್ರಮಾಣ ಇಲ್ಲ, ಪಾಟೀಸವಾಲು ಇಲ್ಲ. ಖುಲಾಸೆ ಆದ್ಮೇಲೆ ಲುಕ್ ಪತ್ರಿಕೆಗೆ ದುಡ್ಡು ತಗೊಂಡು ಹೇಳಿದ್ದು, 1956ರ ಜನವರಿಯಲ್ಲಿ ಬಂತು. ಇವರಿಬ್ಬರನ್ನ ಅದೇ ಕೊಲೆಗೆ ಮತ್ತೆ ಕಟಕಟೆ ಹತ್ತಿಸೋ ಹಾಗಿರಲಿಲ್ಲ. ಜೊತೆಗಿದ್ದವರನ್ನ ಹತ್ತಿಸಬಹುದಿತ್ತು. ಕತೆಯಲ್ಲಿ ಇಬ್ಬರೇ ಉಳಿದದ್ದು ಯಾಕೆ ಅಂತ ನೀವೇ ಹೇಳಿ.

ಗಿರೀಶ: ಬೇರೆಯವರೂ ಇದ್ರಾ?

ವೀಣಾ: ಇದ್ರು. ವಿಲ್ಲಿ ರೀಡ್ ಅಂತ 18ರ ಕಪ್ಪು ಹುಡುಗ ಕೋರ್ಟಲ್ಲಿ ಹೇಳಿದ್ದಾನೆ. ಟ್ರಕ್ಕಿನ ಮುಂದೆ ನಾಲ್ವರು ಬಿಳಿಯರು, ಹಿಂದೆ ಎಮೆಟ್. ಆಮೇಲೆ ಮೈಲಮ್ ತಮ್ಮನ ಸುಪರ್ದಿನ ಜಮೀನಿನ ಕೊಟ್ಟಿಗೆಯಿಂದ ಹೊಡೆತದ ಸದ್ದು, ಕಿರುಚಾಟ. ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಮೈಲಮ್ ಹೊರಗೆ ಬಂದ. ಇಷ್ಟು ಹೇಳಿ ಅವನು ಆ ಊರಲ್ಲಿ ಇರಲಾಗದೆ ಷಿಕಾಗೋಗೆ ಹೋಗಬೇಕಾಯ್ತು. ಲುಕ್ ಕತೆಯಲ್ಲಿ ಆ ಕೊಟ್ಟಿಗೆಯೇ ಇಲ್ಲ!

ಶ್ರೀಧರ ಮಾವ: ಜ್ಯೂರಿ ಅವನನ್ನ ನಂಬಲಿಲ್ಲವಲ್ಲ.

ವೀಣಾ: ಜ್ಯೂರಿ ಅಂದ್ರೆ ತೀರ್ಪು ಕೊಡೋ 12 ಜನ ಬಿಳಿ ಗಂಡಸರು, 67 ನಿಮಿಷದಲ್ಲಿ ಬಿಟ್ಟುಬಿಟ್ಟರು. ಕಪ್ಪುಜನರೇ ಹೆಚ್ಚಿದ್ದ ಕೌಂಟಿಯಲ್ಲಿ ಅವರಲ್ಲೊಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ, ಹಾಗಾಗಿ ಜ್ಯೂರಿಯಲ್ಲೂ ಇಲ್ಲ. ಕೌಂಟಿಯ ಪೊಲೀಸ್ ಮುಖ್ಯಸ್ಥ ಷೆರಿಫ್ ಸ್ಟ್ರೈಡರ್ ಆರೋಪಿಗಳ ಪರ ಸಾಕ್ಷಿ ಹೇಳಿದ, ಹೊಳೆಯಲ್ಲಿ ಸಿಕ್ಕ ಹೆಣ ಯಾರದ್ದು ಅಂತ ಗುರುತಾಗಲ್ಲ ಅಂದ. ನನ್ನ ಮಗನೇ ಅಂತ ತಾಯಿ ಮೇಮಿ ಹೇಳಿದ್ದು ಲೆಕ್ಕಕ್ಕೆ ಬರಲಿಲ್ಲ. 2005ರಲ್ಲಿ ಸಮಾಧಿ ಅಗೆದು ಡಿಎನ್‌ಎ ನೋಡಿದಾಗ ಎಮೆಟ್ಟೇ.

ಲಲಿತತ್ತೆ: ಪಾಪ ಕಣೇ. ಆದ್ರೂ ಹುಡುಗ ಏನೋ ಮಾಡಿರಬೇಕು. ಬೆಂಕಿ ಇಲ್ಲದೆ ಹೊಗೆ ಆಡತ್ತಾ?

ವೀಣಾ: ಅತ್ತೆ, ಅಂಗಡಿ ಹೊರಗೆ ಶಿಳ್ಳೆ ಹೊಡೆದ ಅಂತ ಜೊತೆಗಿದ್ದ ನೆಂಟರ ಹುಡುಗರೇ ಹೇಳಿದ್ದಾರೆ, ಮುಚ್ಚಿಟ್ಟಿಲ್ಲ. ಒಂದು ಶಿಳ್ಳೆ. ಅದಕ್ಕೆ ನಡುರಾತ್ರಿ ಹಾಸಿಗೆಯಿಂದ ಎಬ್ಬಿಸಿಕೊಂಡು ಹೋದರು. ಕೊಚ್ಚಿಕೊಂಡ ಅನ್ನೋದಕ್ಕೆ ಕೊಲೆಗಾರರ ಬಾಯಿ ಬಿಟ್ಟರೆ ಬೇರೆ ಆಧಾರವೇ ಇಲ್ಲ. ಇನ್ನೊಂದು ಕೇಳಿ. ಎಮೆಟ್ ತಂದೆಯನ್ನ ಯುದ್ಧದ ಕಾಲದಲ್ಲಿ, 1945ರಲ್ಲಿ, ಇಟಲಿಯಲ್ಲಿ ಸೈನ್ಯವೇ ಗಲ್ಲಿಗೇರಿಸಿತ್ತು. ಆ ಕಡತ ಖುಲಾಸೆಯ ಮರುತಿಂಗಳೇ ಪತ್ರಿಕೆಗಳಿಗೆ ಹೋಯ್ತು. ನವೆಂಬರಿನಲ್ಲಿ ಅಪಹರಣದ ಕೇಸೂ ಬಿದ್ದುಹೋಯ್ತು, ಹುಡುಗನನ್ನ ಕರೆದೊಯ್ದದ್ದು ನಿಜ ಅಂತ ಇಬ್ಬರೂ ಪೊಲೀಸರ ಮುಂದೆ ಒಪ್ಪಿದ್ದರೂ! ಅಪ್ಪ ಮಾಡಿದ್ದಕ್ಕೂ ಈ ಮಗುವಿಗೂ ಏನು ಸಂಬಂಧ?

ಶ್ರೀಧರ ಮಾವ: ನಾನು ಕೊಂದವರನ್ನ ಬೈದೇ ಹಾಕಿದ್ದು. ನನಗೆ ವರ್ಣಭೇದ ಅಂಟಿಸಬೇಡ.

ವೀಣಾ: ನಿಮಗೆ ಅಂಟಿಸ್ತಿಲ್ಲ ಮಾವ. ಆ ಕತೆ ಕೊಲೆ ತಪ್ಪು ಅಂತಾನೇ ಹುಡುಗನನ್ನ ಉದ್ಧಟ ಮಾಡತ್ತೆ, ಕೊಂದವರನ್ನ ಸಿಟ್ಟಿನಲ್ಲಿ ಕೈಮೀರಿದವರು ಮಾಡತ್ತೆ.

ಗಿರೀಶ: ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ವಾ?

ವೀಣಾ: ವಿಚಾರಣೆಯ ದಾಖಲೆ ದಶಕಗಳ ಕಾಲ ಕಣ್ಮರೆ. 2004ರಲ್ಲಿ ಕೇಸು ಮತ್ತೆ ತೆರೆದ ಮೇಲೆ ಎಫ್‌ಬಿಐಗೆ ಒಂದು ಪ್ರತಿ ಸಿಕ್ತು. ಆದ್ರೆ ರೀಡ್ ಮಾತು 1955ರಲ್ಲೇ ಕಪ್ಪುಜನರ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಬಿಳಿಯ ಕೊಲೆಗಾರರ ಮಾತಿಗೆ ಕೊಟ್ಟ ಬೆಲೆ ಅದಕ್ಕೆ ಕೊಡಲಿಲ್ಲ, ಅಷ್ಟೇ. ನನಗೆ ಹೊಟ್ಟೆ ಉರಿಯೋದು ಅದಕ್ಕೇ.

ಶ್ರೀಧರ ಮಾವ: ಆ ರೀಡ್ ಸಾಕ್ಷ್ಯದ ಪ್ರತಿ ಸಿಗತ್ತಾ? ಪಾಟೀಸವಾಲಿನ ಸಮೇತ ಬೇಕು. ಸುಮ್ಮನೆ ನಂಬೋನಲ್ಲ ನಾನು.

ವೀಣಾ: ಸಿಗತ್ತೆ, ರಾತ್ರಿ ಕಳಿಸ್ತೀನಿ. ಈ ಫಾರ್ವರ್ಡ್ ನಿಮ್ಮ ವಕೀಲರ ಗುಂಪಿಗೂ ಹಾಕಿದ್ದೀರಾ?

ಶ್ರೀಧರ ಮಾವ: ಹಾಕಿದ್ದೀನಿ, ತೆಗೆಯಲ್ಲ. ಕೊಲೆ ಆದದ್ದಂತೂ ಸುಳ್ಳಲ್ಲ.

ವೀಣಾ: ತೆಗೀಬೇಡಿ. ಅದರ ಕೆಳಗೇ ವಿಲ್ಲಿ ರೀಡ್ ಹೇಳಿದ್ದನ್ನೂ ಹಾಕಿ. ಕನ್ನಡಕ್ಕೆ ನಾನು ಮಾಡಿಕೊಡ್ತೀನಿ.