ಅಪ್‌ಡೇಟ್: ವಿವರ್ತನೆಯ ಲೆಕ್ಕ ಈಗ ಚಕಚಕನೆ ಮುಗಿಯುತ್ತಿದೆ

ಕಂಪ್ಯೂಟರಿನಲ್ಲಿ 1024×1024 ಬಿಂದುಗಳಾಗಿ ವಿಂಗಡಿಸಿದ ರಂಧ್ರ ದಾಟಿದ ಬೆಳಕಿನ ವಿವರ್ತನೆಯನ್ನು (ಬೆಳಕು ಬಾಗಿ ಹರಡುವುದನ್ನು) ಬೇಗ ಲೆಕ್ಕ ಹಾಕುವುದು ಹೇಗೆ ಅಂತ ಕೇಳಿದ್ದೆ. ಪರದೆಯ ಪ್ರತಿ ಬಿಂದುವಿಗೂ ರಂಧ್ರದ ಎಲ್ಲ ಬಿಂದುಗಳ ಬೆಳಕನ್ನು ನೇರವಾಗಿ ಕೂಡಿಸುತ್ತಾ ಹೋದರೆ ಸುಮಾರು 1 ಲಕ್ಷ ಕೋಟಿ ಪದಗಳು, ಮುಗಿಯುವ ಮಾತಲ್ಲ.

ನೀವು ಉತ್ತರದಲ್ಲಿ ಹೇಳಿದ ಆಂಗ್ಯುಲರ್ ಸ್ಪೆಕ್ಟ್ರಮ್ ವಿಧಾನವೇ (ಬೆಳಕನ್ನು ಬೇರೆ ಬೇರೆ ಕೋನಗಳಲ್ಲಿ ಸಾಗುವ ಸಮತಲ ಅಲೆಗಳಾಗಿ ಬಿಡಿಸುವುದು) ಸರಿಹೋಯಿತು. ಒಂದು ಎಫ್‌ಎಫ್‌ಟಿ (ಹೀಗೆ ಅಲೆಗಳಾಗಿ ಬೇಗ ಬಿಡಿಸುವ ಗಣಿತ ವಿಧಾನ), ಸಾಗುವ ದೂರಕ್ಕೆ ತಕ್ಕ ಒಂದು ಗುಣಾಕಾರ, ಆಮೇಲೆ ಮತ್ತೆ ಜೋಡಿಸುವ ವಿಲೋಮ ಎಫ್‌ಎಫ್‌ಟಿ. ಅಷ್ಟೇ! ಆದರೆ ಎಫ್‌ಎಫ್‌ಟಿ ಚಿತ್ರವನ್ನು ಸುತ್ತಲೂ ಮರುಕಳಿಸುವಂತೆ ನೋಡುವುದರಿಂದ, ಮೊದಲು ಅಂಚು ದಾಟಿದ ಬೆಳಕು ಎದುರು ಬದಿಯಿಂದ ಒಳಗೆ ನುಸುಳುತ್ತಿತ್ತು. ಸುತ್ತ ಸೊನ್ನೆ ತುಂಬಿ 2048×2048 ಮಾಡಿದ ಮೇಲೆ ಆ ಕಾಟ ತಪ್ಪಿತು. ನಾಲ್ಕು ಪಟ್ಟು ಮೆಮೊರಿ ಬೇಕು, ಇರಲಿ.

ರಂಧ್ರದಿಂದ ಪರದೆಗೆ ದೂರ ಜಾಸ್ತಿಯಾದರೆ ಮಾತ್ರ ಬೇರೆ ಕಥೆ. 633 ನ್ಯಾನೋಮೀಟರ್ ಬೆಳಕು, 10 ಮೈಕ್ರಾನ್ ಪಿಕ್ಸೆಲ್ (ಬಿಂದುಗಳ ನಡುವಿನ ಅಂತರ) ಇದ್ದಾಗ ಸುಮಾರು 32 ಸೆಂ.ಮೀ. ದಾಟಿದರೆ ಹುಸಿ ಪಟ್ಟೆಗಳು ಏಳುತ್ತವೆ. ಅಲ್ಲಿಂದಾಚೆ ಒಂದೇ ಎಫ್‌ಎಫ್‌ಟಿಯ ಫ್ರೆನೆಲ್ ವಿಧಾನ (ಸಣ್ಣ ಕೋನಗಳಿಗೆ ಹೊಂದುವ ಅಂದಾಜು ಸೂತ್ರ) ಬಳಸುತ್ತಿದ್ದೇನೆ. ಅದರಲ್ಲಿ ಪರದೆಯ ಪಿಕ್ಸೆಲ್ ದೂರದ ಜೊತೆ ಹಿಗ್ಗುತ್ತದೆ: 1 ಮೀಟರಿಗೆ ಸುಮಾರು 31 ಮೈಕ್ರಾನ್.