ಸಹಾಯ ಬೇಕು: ಯಾವ ಹಾರರ್ ಸಿನಿಮಾಗೆ ಯಾವ ಕುಂಬಳಕಾಯಿ ಬಿಯರ್?

ಅಮೆರಿಕದಲ್ಲಿರುವ ಗೆಳೆಯರೇ, ಅಕ್ಟೋಬರ್ 31ಕ್ಕೆ ನಮ್ಮನೆಯಲ್ಲಿ ಆರು ಜನ ಸೇರುತ್ತಿದ್ದೇವೆ. ಎಲ್ಲರೂ ಇಲ್ಲೇ ಮಲಗುತ್ತಾರೆ, ಯಾರೂ ಗಾಡಿ ಓಡಿಸಲ್ಲ. ಯಾವ ಸಿನಿಮಾ ಅನ್ನುವುದು ಗಟ್ಟಿಯಾಗಿದೆ: ಮೊದಲು 1960ರ ಕಪ್ಪು ಬಿಳುಪಿನ ‘ಸೈಕೋ’, ಆಮೇಲೆ 1978ರ ‘ಹ್ಯಾಲೋವೀನ್’.

ತಲೆ ಕೆಟ್ಟಿರುವುದು ಬಿಯರ್ ವಿಷಯಕ್ಕೆ. ಕಳೆದ ಶನಿವಾರ ಒಂದು ಕುಂಬಳಕಾಯಿ ಬಿಯರ್ ತಂದು ಟ್ರಯಲ್ ನೋಡಿದೆ. ಲೋಟಕ್ಕೆ ಸುರಿದ ಕೂಡಲೇ ಚಕ್ಕೆ, ಲವಂಗ, ಜಾಯಿಕಾಯಿ ಘಮ್ಮೆಂದವು. ಅಮ್ಮ ಮಾಡುವ ಸಿಹಿಗುಂಬಳದ ಹಲ್ವಾ ನೆನಪಾಯಿತು! ಆದರೆ ಅರ್ಧ ಲೋಟಕ್ಕೇ ಬಾಯೆಲ್ಲ ಅಂಟು ಅಂಟು. ಜೊತೆಗೆ ಖಾರದ ಕೋಡುಬಳೆ ಇಟ್ಟೆ, ಸ್ವಲ್ಪ ವಾಸಿ, ಅಷ್ಟೇ.

ಈಗ ಎರಡು ಕಂಪನಿಗಳ ಒಂದೊಂದು ಕುಂಬಳಕಾಯಿ ಬಿಯರ್ ಆರಿಸಿದ್ದೇನೆ. ಡಾಗ್‌ಫಿಶ್ ಹೆಡ್‌ನ ಪಂಕಿನ್ ಏಲ್, ಆಲ್ಕೋಹಾಲ್ 7%. ಸದರ್ನ್ ಟಿಯರ್‌ನ ಪಂಪ್‌ಕಿಂಗ್, 8.6%. ಎರಡೂ ಜೋರೇ. ‘ಸೈಕೋ’ದಲ್ಲಿ ಆ ಸ್ನಾನದ ಮನೆಯ ದೃಶ್ಯ ಬರುವುದಕ್ಕೇ ಮುಕ್ಕಾಲು ಗಂಟೆ ಬೇಕು. ಪಂಪ್‌ಕಿಂಗ್ ಮೊದಲು ಕೊಟ್ಟರೆ ಅಷ್ಟರಲ್ಲಿ ತೂಕಡಿಸುತ್ತಾರೆ ಅಲ್ವಾ? ಕೊನೆಗಿಟ್ಟರೆ ಅದರ ಮುಂದೆ ‘ಹ್ಯಾಲೋವೀನ್’ನ ಭಯ ಸಪ್ಪೆಯಾಗುತ್ತದೇನೋ ಅನ್ನಿಸುತ್ತಿದೆ.

ಎರಡನ್ನೂ ಕುಡಿದವರು ದಯವಿಟ್ಟು ಹೇಳಿ: ಯಾವ ಸಿನಿಮಾಗೆ ಯಾವುದು? ‘ಸೈಕೋ’ಗೆ ಇವೆರಡಕ್ಕಿಂತ ಹಗುರವಾದ, ಸಿಹಿ ಕಡಿಮೆ ಇರುವ ಬೇರೆ ಕುಂಬಳಕಾಯಿ ಬಿಯರ್ ಇದ್ದರೆ ಹೆಸರೇನು?