ಬಿ.ಡಿ. (ಕ್ರೈಸ್ತ ದೇವಶಾಸ್ತ್ರದ ಪದವಿ) ಓದಿ ಕಾಸರಗೋಡಿನಲ್ಲಿ ಬಡವರ ಸೇವೆ: ಎಲ್ಲಿ ಓದುವುದು?

ಪ್ರಶ್ನೆ (ಮಂಜೇಶ್ವರ): ತಮ್ಮನಿಗೆ ಸಭಾಸೇವೆಯ, ಅಂದರೆ ಚರ್ಚಿನ ಸೇವೆಯ, ಮನಸ್ಸಿದೆ. ಓದಲು ಮಂಗಳೂರೋ ಬೆಂಗಳೂರೋ? ಮುಂದೆ ಬಡವರ ಸೇವೆಯಲ್ಲಿ ಮೊದಲು ಏನು ನೋಡಬೇಕು?

ಉತ್ತರ: ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು (1910) ಆಗಲಿ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆಗಲಿ, ಪದವಿ ದೇವಶಾಸ್ತ್ರ ಕಾಲೇಜುಗಳಿಗೆ ಪದವಿ ಕೊಡುವ ಸೆರಾಂಪೂರ್ ಸೆನೆಟ್‌ನದೇ, ಬೇರೆ ಬೇರೆ ಸಭೆಯವರು ಒಟ್ಟಿಗೆ ಓದುತ್ತಾರೆ. ನಿಮ್ಮ ಕಡೆಯ ಕೆಲಸಕ್ಕೆ ಬಲ್ಮಠವೇ ಸರಿ, ಕನ್ನಡ ಕೈತಪ್ಪುವುದಿಲ್ಲ. ಮಲಯಾಳ ಓದಲು ಈಗಲೇ ಕಲಿಯಲಿ.

ಉತ್ತರ: ಕಾಸರಗೋಡಿನ ಎಣ್ಮಕಜೆಯಂಥ, ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತ ಊರಲ್ಲಿ ಪ್ರಸಂಗಕ್ಕಿಂತ ಮೊದಲು ಕಾಗದಪತ್ರ. ಆಧಾರ್, ರೇಷನ್ ಕಾರ್ಡ್, ಅಂಗವೈಕಲ್ಯ ಪ್ರಮಾಣಪತ್ರ ಮೂರನ್ನೂ ಪಕ್ಕದಲ್ಲಿಟ್ಟು ಹೆಸರಿನ ಅಕ್ಷರ ಹೋಲಿಸಿ. ಕನ್ನಡದ ಹೆಸರು ಮಲಯಾಳಕ್ಕೆ, ಇಂಗ್ಲಿಷಿಗೆ ಹೋಗುವಾಗ ಇನಿಶಿಯಲ್ ಬದಲಾಗಿ ಪಿಂಚಣಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಉತ್ತರ: ಜಾತಿಪತ್ರವನ್ನೂ ನೋಡಿ. ಪರಿಶಿಷ್ಟ ಜಾತಿಗಳ ಕುರಿತ 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿ ಸ್ಥಾನಮಾನವಿಲ್ಲ. ಕೇರಳದಲ್ಲಿ ಅವರಿಗೆ ಒ.ಇ.ಸಿ. (ಇತರ ಅರ್ಹ ಸಮುದಾಯ) ಶಿಕ್ಷಣ ರಿಯಾಯಿತಿಯುಂಟು, ಅರ್ಜಿಯ ಆ ಕಾಲಮಿನಲ್ಲೇ ಕೇಳಿ.